ಹಿತ್ತಿಲ ವೀರ

ಹೇಳಬೇಕಾಗಿದ್ದುದು ಒಂದೇ ಮಾತು. ಬೆಳಿಗ್ಗೆ ಎದ್ದಾಗಿನಿಂದ ಪವಿತ್ರಾ ಅದನ್ನು ಬಾಯೊಳಗೇ ಹೊರಳಿಸುತ್ತಿದ್ದಳು, ಬಿಸಿ ಮುದ್ದೆಯ ತುತ್ತನ್ನು ನುಂಗುವ ಮೊದಲು ನಾಲಗೆಯ ಮೇಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಸುವ ಹಾಗೆ. 'ಗುರುಮಲ್ಲಪ್ಪನವರೇ, ನಮ್ಮ ಕಲ್ಲನ್ನು ತೆಗೆದುಕೊಂಡು ಹೋಗುವಾಗ ಬದಲಿಗೆ ಒಂದು ಒರಟು ಚಪ್ಪಡಿ ಹಾಕಿಸಿಕೊಡುತ್ತೇವೆ ಅಂದಿದ್ದಿರಿ, ಅದು ಇನ್ನೂ ಬಂದಿಲ್ಲ.' ಇಷ್ಟೇ. ಇದರಲ್ಲಿ ಎಲ್ಲಿಯೂ ಜಗಳವಿರಲಿಲ್ಲ, ಯಾರಿಗೂ ಅವಮಾನವಿರಲಿಲ್ಲ. ಆದರೆ ಇದನ್ನು ಮೈಕಿನಲ್ಲಿ ಹೇಳಬೇಕಾಗಿತ್ತು, ಊರೆಲ್ಲ ಸೇರಿದ ಕಡೆ. ನೀರು ತುಂಬಿಸುವಾಗ ಒಮ್ಮೆ, ಕನ್ನಡಿಯ ಮುಂದೆ ಒಮ್ಮೆ, ಕೊನೆಗೆ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿ ನೋಡಿದಳು. ಎಮ್ಮೆ ಮೆಲುಕು ನಿಲ್ಲಿಸಿ ಅವಳ ಮುಖ ನೋಡಿತು. ಅಷ್ಟಕ್ಕೇ ಅವಳ ಕಿವಿ ಬಿಸಿಯಾಯಿತು.

"ಯಾರ್ ಜೊತೆ ಮಾತಾಡ್ತಿದ್ದೀಯೆ?" ಹಿತ್ತಿಲ ಬಾಗಿಲಿನಿಂದ ಅವ್ವ ಕೂಗಿದಳು.

"ಯಾರಿಲ್ಲ ಕಣವ್ವ."

"ಎಮ್ಮೆ ಕುಟೆ ಏಳಿದ್ರೆ ಚಪ್ಪಡಿ ಬರಾಕಿಲ್ಲ. ಮೈಕಲ್ಲೇ ಕೇಳು. ನಾಕ್ ಜನದ ಮುಂದೆ ಕೇಳಿದ್ರೆ ಆ ಗುರುಮಲ್ಲಪ್ಪ ಇಲ್ಲ ಅನ್ನಾಕಾಗಲ್ಲ. ಮನೆ ಬಾಕ್ಲಿಗೆ ಓಗಿ ಕೇಳಿದ್ರೆ ನಾಳೆ ಬಾ ಅಂತಾನೆ, ನಾಳೆ ಓದ್ರೆ ಬ್ಯಾರನ್ ತಾವ್ಕೆ ಓಗವ್ನೆ ಅಂತಾರೆ. ಕೇಳ್ತೀಯಾ?"

"ಕೇಳ್ತೀನಿ."

"ಆಣೆ?"

ಆಣೆ ಎಂದು ಪವಿತ್ರಾ ತಲೆಯಾಡಿಸಿದಳು. ಭಾಗ್ಯಮ್ಮ ಹಿತ್ತಿಲಿನ ಆ ತಗ್ಗನ್ನೇ ನೋಡುತ್ತಾ ನಿಂತಿದ್ದಳು. ಕಲ್ಲು ಇದ್ದ ಜಾಗದಲ್ಲಿ ಈಗ ಒಂದು ಉದ್ದನೆಯ ಗುಂಡಿ, ಹಾಸಿಗೆಯಿಂದ ಯಾರೋ ಎದ್ದು ಹೋದಂತೆ. ಅದರಲ್ಲಿ ಬಚ್ಚಲ ನೀರು ನಿಂತು, ಎರಡು ಕೋಳಿಗಳು ಅದರ ಅಂಚಿನಲ್ಲಿ ಕೆದಕುತ್ತಿದ್ದವು.

ಹೊಗೆಸೊಪ್ಪಿನ ಊರಿನಲ್ಲಿ ಒಗೆಯುವ ಕಲ್ಲೆಂದರೆ ಸುಮ್ಮನೆ ಮಾತಲ್ಲ. ಎಲೆ ಮುರಿಯುವ ಕಾಲದಲ್ಲಿ ಅದರ ಅಂಟು ಕೈಗೆ, ಮೊಣಕೈಗೆ, ರವಿಕೆಯ ತೋಳಿಗೆ, ಅಪ್ಪನ ಬನಿಯನ್ನಿಗೆ ಹತ್ತಿ ಕಪ್ಪಗೆ ಗಟ್ಟಿಯಾಗುತ್ತದೆ. ನುಣುಪಾದ ಸಿಮೆಂಟಿನ ಮೇಲೆ ಎಷ್ಟು ಬಡಿದರೂ ಹೋಗುವುದಿಲ್ಲ. ಭಾಗ್ಯಮ್ಮ ಮದುವೆಯಾಗಿ ಈ ಮನೆಗೆ ಬಂದಾಗ ಅತ್ತೆ ಅವಳಿಗೆ ತೋರಿಸಿದ ಮೊದಲ ವಸ್ತು ಆ ಕಲ್ಲು. ಅದರ ಮೈಮೇಲೆ ಉಬ್ಬುತಗ್ಗುಗಳಿದ್ದವು. ಬಟ್ಟೆ ಅಲ್ಲಿ ಹಿಡಿದುಕೊಳ್ಳುತ್ತಿತ್ತು, ಅಂಟು ಬಿಡುತ್ತಿತ್ತು. ಆ ಉಬ್ಬುತಗ್ಗು ಏನೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕಲ್ಲಿಗೆ ಉಬ್ಬುತಗ್ಗು ಇರುತ್ತದೆ, ಅಷ್ಟೆ. ಒಗೆದು ಮುಗಿದ ಮೇಲೆ, ಬಿಳಿ ಬಟ್ಟೆ ಅದ್ದಿ ತೆಗೆದ ನೀಲಿಯ ನೀರು ಬಕೆಟ್ಟಿನಲ್ಲಿ ಉಳಿದಿದ್ದರೆ ಅವ್ವ ಅದನ್ನು ಕಲ್ಲಿನ ಮೇಲೇ ಸುರಿದುಬಿಡುತ್ತಿದ್ದಳು. ವರ್ಷಗಳು ಹೋದ ಹಾಗೆ ಕಲ್ಲಿನ ಸಂದುಗೊಂದುಗಳಲ್ಲಿ ಒಂದು ತೆಳುವಾದ ನೀಲಿ ಕೂತಿತ್ತು.

ಅದು ವೀರಗಲ್ಲೆಂದು ಕಂಡುಹಿಡಿದವಳು ಪವಿತ್ರಾಳೇ. ಅದು ಅವಳ ಬದುಕಿನ ಒಂದೇ ಒಂದು ಪರಾಕ್ರಮ, ಮತ್ತು ಅದರ ಫಲವೇ ಈ ಗುಂಡಿ. ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಇತಿಹಾಸದ ಮೇಷ್ಟ್ರು ವೀರಭದ್ರಸ್ವಾಮಿಯವರು ಬೋರ್ಡಿನ ಮೇಲೆ ಮೂರು ಅಂಕಣ ಗೀಚಿ ಹೇಳಿದ್ದರು: ವೀರಗಲ್ಲು ಎಲ್ಲಿಯದೇ ಆಗಲಿ, ಅದರ ಕಥೆ ಒಂದೇ. ಕೆಳಗಿನ ಅಂತಸ್ತಿನಲ್ಲಿ ವೀರ ಹೋರಾಡಿ ಸಾಯುತ್ತಾನೆ, ನಡುವಿನಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಕೈಲಾಸದಲ್ಲಿ ಕೂರುತ್ತಾನೆ. ಅವಳಿಗೆ ಆ ಬೋರ್ಡಿನಲ್ಲಿ ಅವ್ವನ ಬೆನ್ನು ಕಂಡಿತು, ಬಗ್ಗಿದ ಬೆನ್ನು, ಅದರ ಕೆಳಗೆ ಮೂರು ಅಂಕಣ. ಮೂರು ವರ್ಷದ ಕಾಲೇಜಿನಲ್ಲಿ ಅವಳು ತಾನಾಗಿ ಎದ್ದು ನಿಂತದ್ದು ಅದೊಂದೇ ದಿನ. "ಸಾರ್, ನಮ್ಮ ಮನೇಲಿ ಒಂದಿದೆ." ಕ್ಲಾಸಿನವರೆಲ್ಲ ತಿರುಗಿ ನೋಡಿದರು. ಆ ನೋಟದ ಬಿಸಿ ಕಂಪಲಾಪುರದಲ್ಲಿ ಬಸ್ಸಿಳಿದು ಮನೆಗೆ ಬರುವವರೆಗೂ ಇಳಿದಿರಲಿಲ್ಲ. ಅಂದು ಡೈರಿಯಲ್ಲಿ 'ಇಂದು ಮಾತಾಡಿದೆ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು.

ಮೇಷ್ಟ್ರು ಬಂದರು, ಆದರೆ ಬಂದದ್ದು ಅವಳು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮೇಲೆ, ಹೋದ ಬೇಸಿಗೆಯಲ್ಲಿ. ಹಿತ್ತಿಲಲ್ಲಿ ಪ್ಯಾಂಟು ಮಡಿಚಿ ಕುಕ್ಕರುಗಾಲಲ್ಲಿ ಕೂತು, ಬ್ರಷ್ಷಿನಿಂದ ಕಲ್ಲನ್ನು ಉಜ್ಜಿದರು. ಕೆಳಗಿನ ಅಂತಸ್ತು ಪೂರ್ತಿ ಸವೆದಿತ್ತು. ಅವ್ವ, ಅಜ್ಜಿ, ಅಜ್ಜಿಯ ಅತ್ತೆ ಎಲ್ಲರೂ ಬಡಿದದ್ದು ಅಲ್ಲೇ. ನಡುವಿನ ಅಪ್ಸರೆಯರು ನೀರಿನಲ್ಲಿ ಕಂಡ ನೆರಳಿನ ಹಾಗೆ ಇದ್ದರು. ಮೇಲಿನದೊಂದೇ ಚೆನ್ನಾಗಿತ್ತು. ಯಾರೋ ಒಬ್ಬ ಹಾಯಾಗಿ ಕೂತಿದ್ದ. ಏನೂ ಮಾಡದೆ, ಸಾಯದೆ ನೇರವಾಗಿ ಕೂರಲು ಹೋದವನ ಹಾಗೆ. ಮೇಷ್ಟ್ರು ಕನ್ನಡಕ ತೆಗೆದು ಕಲ್ಲಿನ ಸಂದಿಗೆ ಕಣ್ಣಿಟ್ಟು, "ಇಲ್ಲಿ ನೋಡಿ, ನೀಲಿ! ಆಗಿನ ಕಾಲದ ಬಣ್ಣದ ಕುರುಹು ಇರಬಹುದು. ಅಪರೂಪ ಕಣ್ರೀ ಇದು, ಬಹಳ ಅಪರೂಪ," ಎಂದರು. ಅವಳಿಗೆ ಗೊತ್ತಿತ್ತು. ಅದು ಬಟ್ಟೆಗೆ ಹಾಕುವ ನೀಲಿ, ಶೆಟ್ಟರ ಅಂಗಡಿಯ ಪುಡಿ. ಹೇಳಲು ಬಾಯಿ ತೆರೆದಳು ಕೂಡ. ಆದರೆ ಮೇಷ್ಟ್ರ ಮುಖದಲ್ಲಿ ಅಂಥ ಸಂತೋಷವಿತ್ತು, ಪಕ್ಕದಲ್ಲಿ ಗುರುಮಲ್ಲಪ್ಪ ನಿಂತಿದ್ದರು, ಅಪ್ಪ ಮಂಟಯ್ಯ ಟವೆಲು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತನ್ನ ಹಿತ್ತಿಲಲ್ಲಿ ಏನೋ ಆಯಿತು ಎಂಬ ಸಂಭ್ರಮದಲ್ಲಿ ನಗುತ್ತಿದ್ದ. ಅವಳು ಬಾಯಿ ಮುಚ್ಚಿದಳು.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಆ ಹಿತ್ತಿಲು ಒಂದು ಕಾಲಕ್ಕೆ ತಮ್ಮ ತಾತನದಾಗಿತ್ತು, ಆದ್ದರಿಂದ ಕಲ್ಲಿನಲ್ಲಿ ಕೂತವನು ತಮ್ಮ ವಂಶದವನೇ ಇರಬೇಕು ಎಂದು ಗುರುಮಲ್ಲಪ್ಪನವರಿಗೆ ಹೊಳೆಯಿತು. ಪಂಚಾಯಿತಿಯ ಹಳೆಯ ಚೇರ್ಮನ್ನರು, ಅವರಿಗೆ ಹೊಳೆದರೆ ಊರಿಗೆ ಹೊಳೆದ ಹಾಗೆ. ಟ್ರ್ಯಾಕ್ಟರ್ ಬಂತು, ಕಲ್ಲು ಹೋಯಿತು. ಶಾಲೆಯ ಪಕ್ಕ, ನೀರಿನ ತೊಂಬೆಯ ಹತ್ತಿರ ಕಟ್ಟೆ ಕಟ್ಟಿ ನಿಲ್ಲಿಸಿದರು. ಗಾರೆ ಕೆಲಸದ ಕಂಠಪ್ಪ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅದು ಹಸಿ ಸಿಮೆಂಟಿನಲ್ಲಿ ಹಿಂದಕ್ಕೆ ವಾಲಿಕೊಂಡಿತ್ತು, ಹಾಗೇ ಗಟ್ಟಿಯಾಯಿತು. ಹಿತ್ತಿಲಲ್ಲಿ ಹೇಗೆ ವಾಲಿತ್ತೋ ಸರಿಯಾಗಿ ಅಷ್ಟೇ. ವೀರ ದಿಂಬಿಗೆ ಒರಗಿದ್ದಾನೆ ಎಂದು ಗುರುಮಲ್ಲಪ್ಪ ಒಪ್ಪಿಕೊಂಡರು. ಓದಿದವಳು ಇವಳೊಬ್ಬಳೇ ಆದ್ದರಿಂದ ವೀರ ಏನು ಮಾಡಿದನೆಂದು ಬರೆಯುವ ಕೆಲಸ ಇವಳಿಗೆ ಬಂತು. ಶತ್ರುಗಳು ಊರಿನ ದನ ಹೊಡೆದುಕೊಂಡು ಹೋಗಲು ಬಂದಾಗ ಒಬ್ಬನೇ ಅಡ್ಡ ನಿಂತು ಸತ್ತನೆಂದು ಬರೆದಳು.

"ಇದೇನವ್ವ, ದನ ಅಂತ ಬರ್ದಿದ್ದೀಯಾ?" ಎಂದರು ಗುರುಮಲ್ಲಪ್ಪ.

"ವೀರಗಲ್ಲಲ್ಲಿ ಸಾಮಾನ್ಯವಾಗಿ ಅದೇ ಇರುತ್ತೆ... ದನ ಬಿಡಿಸೋಕೆ ಹೋಗಿ..."

"ಇರ್ಬೋದು ಕಣವ್ವ. ಆದ್ರೆ ನಾಳೆ ಜನ ಏನಂತಾರೆ? ಗುರುಮಲ್ಲಪ್ಪನ ವಂಶದೋನು ದನ ಕಾಯ್ತಿದ್ದ ಅಂತಾರೆ. ಹುಲಿ ಮಾಡು."

"ಕಲ್ಲಲ್ಲಿ ಹುಲಿ ಇಲ್ಲ."

"ದನ ಅದಾ?"

ದನವೂ ಇರಲಿಲ್ಲ. ಅವಳು ಹುಲಿ ಮಾಡಿದಳು. ಮಾಡುವಾಗ ಒಂದು ಸಣ್ಣ ಖುಷಿಯೂ ಆಯಿತೆಂಬುದನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಹುಲಿಯ ಮೀಸೆಯನ್ನೂ ಬರೆದಿದ್ದಳು. ಅವ್ವನಿಗೆ ಓದಿ ಹೇಳಿದಾಗ ಅವಳು ಸೊಪ್ಪು ಬಿಡಿಸುತ್ತಾ, "ಅವ್ನು ಉಲಿ ಕೊಂದ್ನೋ ಇಲಿ ಕೊಂದ್ನೋ, ನನ್ ಬಟ್ಟೆ ಎಲ್ಲಿ ಒಗೀಲಿ ಅದ್ ಏಳು," ಎಂದಿದ್ದಳು.

ಅವ್ವ ಈಗ ಒಗೆಯುತ್ತಿದ್ದುದು ಪಕ್ಕದ ಮನೆಯ ಚಾಮುಂಡಮ್ಮನ ಹಿತ್ತಿಲಲ್ಲಿ. ಅವರ ಮನೆಯವರದೆಲ್ಲ ಆದ ಮೇಲೆ. ಚಾಮುಂಡಮ್ಮ ಕೆಟ್ಟವಳಲ್ಲ, ಬಾಯಿ ಮಾತ್ರ. "ಬಾ ಭಾಗ್ಯಕ್ಕ, ಬಾ. ನಿಮ್ಮನೆ ಕಲ್ಲು ದೇವ್ರಾಗೋಯ್ತು, ನಮ್ದು ಇನ್ನೂ ಕಲ್ಲಾಗೇ ಅದೆ ನೋಡು, ಕರ್ಮ," ಎನ್ನುತ್ತಿದ್ದಳು. ಅವ್ವ ನಗುತ್ತಿದ್ದಳು. ಆ ನಗುವನ್ನು ಪವಿತ್ರಾ ಬೇಲಿಯ ಈಚೆಯಿಂದ ಒಂದು ದಿನ ನೋಡಿಬಿಟ್ಟಳು. ಬಕೆಟ್ಟು ಸೊಂಟಕ್ಕೆ ಒತ್ತಿಕೊಂಡು, ಬೇರೆಯವರ ಬಟ್ಟೆ ಮುಗಿಯುವುದನ್ನು ಕಾಯುತ್ತಾ ನಗುವ ನಗು. ಮೇಷ್ಟ್ರ ಮೂರು ಅಂತಸ್ತಿನಲ್ಲಿ ಅದಕ್ಕೆ ಜಾಗ ಎಲ್ಲಿ ಎಂದು ಯೋಚಿಸಿದ್ದಳು. ಅವ್ವ ಯಾರ ಜೊತೆಯೂ ಹೋರಾಡಲಿಲ್ಲ, ಆದ್ದರಿಂದ ಸಾಯಲಿಲ್ಲ. ಯಾರೂ ಎತ್ತಿಕೊಂಡು ಹೋಗಲಿಲ್ಲ. ಕೂರುವುದಂತೂ ದೂರದ ಮಾತು, ಅವ್ವ ಕೂತು ಉಂಡದ್ದನ್ನೇ ಅವಳು ಸರಿಯಾಗಿ ನೋಡಿಲ್ಲ. ತಾನು? ತಾನು ಕೆಳಗಿನ ಅಂತಸ್ತಿಗೂ ಇಳಿಯದೆ ಕಲ್ಲಿನ ಅಂಚಿನಲ್ಲಿ ನಿಂತು ಇನ್ನೊಬ್ಬರ ಹುಲಿಗೆ ಮೀಸೆ ಬರೆಯುವವಳು.

ಇವತ್ತು ಇಳಿಯಬೇಕಾಗಿತ್ತು.

ವೀರಗಲ್ಲಿನ ಅನಾವರಣಕ್ಕೆಂದು ಹಾಕಿದ ಶಾಮಿಯಾನದ ಕೆಳಗೆ ಕೆಂಪು ಕುರ್ಚಿಗಳು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಹೊಗೆ ಶಾಲೆಯ ಬಯಲಿನ ಮೇಲೆ ತೆಳುವಾಗಿ ಹರಡಿತ್ತು; ರಾತ್ರಿಯೆಲ್ಲ ಬೆಂಕಿ ಕಾದ ಗಂಡಸರು ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದರು. ಅಪ್ಪ ಮೂರನೆಯ ಸಾಲಿನಲ್ಲಿದ್ದ. ಕಲ್ಲು ಕೊಟ್ಟವನೆಂದು ಅವನಿಗೊಂದು ಹಾರ ಹಾಕುತ್ತಾರೆಂದು ಹೇಳಿದ್ದರು. ಅವ್ವ ಬೆಳಿಗ್ಗೆ ಬಿಳಿ ಅಂಗಿಯನ್ನು ನೀಲಿಗೆ ಅದ್ದಿ, ಒಲೆಯ ಮೇಲೆ ಹಿಡಿದು ಒಣಗಿಸಿ ಕೊಟ್ಟಿದ್ದಳು. ಮಡಿಕೆ ಕೆಡಬಾರದೆಂದು ಮಂಟಯ್ಯ ಕುರ್ಚಿಗೆ ಒರಗದೆ ನೆಟ್ಟಗೆ ಕೂತಿದ್ದ. ಒಂದೊಂದು ಹೆಸರು ಕೂಗಿದಾಗಲೂ ಅವನ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು. ಸೊಸೈಟಿಯವರಿಗೆ ಹಾರ ಬಿತ್ತು, ಶಾಮಿಯಾನದವನಿಗೆ ಬಿತ್ತು, ಕಲ್ಲನ್ನು ವಾಲಿಸಿದ ಕಂಠಪ್ಪನಿಗೂ ಬಿತ್ತು. ಹಾರಗಳು ಮುಗಿದವು. ಅಪ್ಪ ಅಂಗಿಯ ತುದಿಯನ್ನು ಎಳೆದು ಸರಿಮಾಡಿಕೊಂಡು ಹಾಗೇ ನೆಟ್ಟಗೆ ಕೂತ, ಹಾರಗಳಿಗೂ ತನಗೂ ಏನೂ ಸಂಬಂಧವಿಲ್ಲವೆಂಬ ಹಾಗೆ.

ಅವಳ ಹೆಸರು ಕೂಗಿದರು. ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಮೈಕಿನ ಜಾಲರಿಯಲ್ಲಿ ಯಾರದೋ ಎಲೆಅಡಿಕೆಯ ವಾಸನೆ ಇತ್ತು. ಹುಲಿಯ ಕಥೆ ತಾನಾಗಿಯೇ ಹೊರಬಂತು; ಅದನ್ನು ಹೇಳುತ್ತಿರುವವಳು ಇನ್ನೊಬ್ಬಳೆಂಬಂತೆ ಕೇಳಿಸಿಕೊಳ್ಳುತ್ತಾ ನಿಂತಳು. ಚಪ್ಪಾಳೆ ಬಿತ್ತು. ಹುಣಿಸೆಮರದ ಕೆಳಗೆ, ಹೆಂಗಸರ ಗುಂಪಿನ ಕೊನೆಯಲ್ಲಿ ಅವ್ವ ನಿಂತಿದ್ದಳು. ಅವ್ವ ಚಪ್ಪಾಳೆ ತಟ್ಟಲಿಲ್ಲ, ಗದ್ದವನ್ನಷ್ಟೇ ಎತ್ತಿದಳು. ಈಗ ಕೇಳು, ಎಂದು.

"ಇನ್ನೊಂದು ಮಾತು ಇದೆ," ಎಂದಳು ಪವಿತ್ರಾ.

ಕೆಳಗಿಳಿಸಲು ಬಂದಿದ್ದವನು ನಿಂತ.

"ಒಬ್ಬ ತಾಯಿ," ಎಂದಳು. 'ಗುರುಮಲ್ಲಪ್ಪನವರೇ' ಎಂದು ಶುರುವಾಗಬೇಕಾಗಿದ್ದ ಮಾತು ಯಾಕೆ ಹೀಗೆ ಶುರುವಾಯಿತೋ. "ಒಬ್ಬ ತಾಯಿಗೆ ಬೇಕಾಗಿರೋದು ಒಂದು ಕಲ್ಲು." ಗುರುಮಲ್ಲಪ್ಪನವರ ಮುಖ ನೋಡಿದಳು. ಅದರಲ್ಲಿ ಸಿಟ್ಟಿದ್ದಿದ್ದರೆ ಅವಳು ಹೇಳಿಬಿಡುತ್ತಿದ್ದಳೇನೋ. ಸಿಟ್ಟಿರಲಿಲ್ಲ. ಕಥೆ ಇನ್ನೂ ಇದೆ ಎಂದು ತಿಳಿದ ಮಗುವಿನ ಹಾಗೆ ಅವರು ಕುರ್ಚಿಯ ಮುಂದಕ್ಕೆ ಸರಿದು ಕೂತಿದ್ದರು. ಎಲ್ಲರೂ ಹಾಗೇ ಕೂತಿದ್ದರು. ಅವಳ ಮಾತು, ಸಂಜೆ ಬಿಟ್ಟ ಎತ್ತು ಯಾರೂ ಹೇಳದೆ ಕೊಟ್ಟಿಗೆಯ ಕಡೆ ತಿರುಗುವ ಹಾಗೆ, ತಿರುಗಿಕೊಂಡಿತು. "ವೀರ ಸತ್ತ ಮೇಲೆ ರಾಜ ಅವನ ತಾಯಿಯನ್ನು ಕರೆಸಿ ಕೇಳಿದನಂತೆ. ನಿನ್ನ ಮಗ ಊರು ಉಳಿಸಿದ, ಏನು ಬೇಕು ಕೇಳು. ಹೊಲ ಬೇಕೆ, ಹೊನ್ನು ಬೇಕೆ? ಆ ತಾಯಿ ಹೇಳಿದಳಂತೆ, ನನಗೆ ಏನೂ ಬೇಡ. ನನಗೆ ಒಂದು ಕಲ್ಲು ಕೊಡಿ, ಸಾಕು."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗುರುಮಲ್ಲಪ್ಪ ಟವೆಲು ತೆಗೆದು ಮೂಗು ಸೀಟಿದರು. ಚಪ್ಪಾಳೆ ಹುಲಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಹುಣಿಸೆಮರದ ಕೆಳಗೆ ಅವ್ವ ಇರಲಿಲ್ಲ.

"ಏನ್ ಹೇಳ್ದೆ ಮಗಳೇ!" ಶಾಲು ಹೊದಿಸುತ್ತಾ ಗುರುಮಲ್ಲಪ್ಪ ಅವಳ ತಲೆ ಸವರಿದರು. "ಕರುಳು ಕಿತ್ತು ಬಂತು ಕಣವ್ವ. ಒಂದೇ ಒಂದು ಕಲ್ಲು ಕೇಳಿದ್ಲಲ್ಲ! ಇದ್ನ ಮೊದ್ಲೇ ಯಾಕ್ ಹೇಳ್ಲಿಲ್ಲ, ಬೋರ್ಡಿಗೆ ಬರೆಸ್ತಿದ್ದೆ."

"ಮೊದಲು ಗೊತ್ತಿರಲಿಲ್ಲ," ಎಂದಳು ಅವಳು. ಅದೊಂದು ನಿಜ.

ಅವಳು ಮನೆಗೆ ಬಂದಾಗ ಅವ್ವ ಹಿತ್ತಿಲ ಹೊಸಿಲಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಎರಡು ಬಕೆಟ್ಟು. ಒಂದರಲ್ಲಿ ಸೋಪಿನ ನೀರಿನಲ್ಲಿ ನೆನೆಸಿದ ಬಟ್ಟೆ, ಇನ್ನೊಂದರಲ್ಲಿ ಬೆಳಿಗ್ಗೆಯ ನೀಲಿಯ ನೀರು. ಚೆಲ್ಲಲು ಕಲ್ಲಿಲ್ಲದೆ ಹಾಗೇ ಇಟ್ಟಿದ್ದಳು. ಚಾಮುಂಡಮ್ಮನ ಮನೆಗೆ ಬೀಗ, ಅವರೆಲ್ಲ ಊಟದ ಪಂಕ್ತಿಯಲ್ಲಿದ್ದರು. ಪವಿತ್ರಾ ಬೈಗುಳಕ್ಕೆ ಕಾದು ನಿಂತಳು.

"ಕೇಳ್ದೆ ಕಣವ್ವ, ಕೇಳ್ದೆ. ಚೆನ್ನಾಗೇ ಕೇಳ್ದೆ," ಎಂದಳು ಭಾಗ್ಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಕೊಡ್ಬೇಕಾದೋನು ಆ ರಾಜ. ಈಗ ಅವನ್ನ ಎಲ್ಲಿ ಉಡುಕ್ಲಿ ನಾನು?"

ಅಷ್ಟರಲ್ಲಿ ಅಪ್ಪ ಬಂದ. ಪಂಕ್ತಿಯ ಕೊನೆಯಲ್ಲಿ ಕೂತವನ ಹೆಗಲ ಮೇಲೆ ಬಡಿಸುವವರು ಸಾರು ಚೆಲ್ಲಿದ್ದರು. ಅವನು ಅಂಗಿ ಬಿಚ್ಚಿ, ಹೊಸಿಲಲ್ಲಿದ್ದ ಸೋಪಿನ ಬಕೆಟ್ಟಿಗೆ ಹಾಕಿ ಒಳಗೆ ಹೋಗಿ ಮಲಗಿದ. ಅಂಗಿಯ ತೋಳು ನೀರಿನ ಮೇಲೆ ತೇಲುತ್ತಾ ನಿಧಾನವಾಗಿ ಮುಳುಗಿತು.

ಪವಿತ್ರಾ ಶಾಲು ತೆಗೆದು ಗೂಟಕ್ಕೆ ಹಾಕಿದಳು. ಎರಡೂ ಬಕೆಟ್ಟು ಎತ್ತಿಕೊಂಡಳು. ಅವ್ವ ಏನೋ ಕೇಳಿದಳು, ಅವಳಿಗೆ ಕೇಳಿಸಲಿಲ್ಲ. ಶಾಲೆಯ ಬಯಲಿನ ದಾರಿ ಹಿಡಿದಳು. ಇದೇ ಇರಬೇಕು ಎಂದುಕೊಂಡಳು, ಕೆಳಗಿನ ಅಂತಸ್ತು. ಯಾರಾದರೂ ಬರುತ್ತಾರೆ, ಕೂಗುತ್ತಾರೆ, ಊರು ಸೇರುತ್ತದೆ, ದೇವರ ಮೇಲೆ ಬಟ್ಟೆ ಒಗೆದವಳೆಂದು ಜನ ಉಗಿಯುತ್ತಾರೆ, ಆಗ ತಾನು ಹೇಳಬೇಕಾದ್ದನ್ನು ಹೇಳಿಯೇ ಬಿಡುತ್ತೇನೆ. ಆ ಕ್ಷಣವನ್ನು ಅವಳು ಬಹುಶಃ ಬಯಸಿಯೇ ಇದ್ದಳು. ಬಯಲು ಖಾಲಿಯಾಗಿತ್ತು. ಕಟ್ಟೆಯ ಮೇಲೆ ವೀರ ಚೆಂಡುಹೂವಿನ ಹಾರ ಹಾಕಿಕೊಂಡು ಹಿಂದಕ್ಕೆ ಒರಗಿದ್ದ. ಹಾರ ತೆಗೆದು ಪಕ್ಕಕ್ಕಿಟ್ಟಳು. ನೀಲಿಯ ನೀರನ್ನು, ಅವ್ವ ಸುರಿಯುತ್ತಿದ್ದ ಹಾಗೆಯೇ, ಮೇಲಿನಿಂದ ಸುರಿದಳು. ಅದು ಕೂತವನ ಮೇಲೆ ಇಳಿದು, ಅಪ್ಸರೆಯರ ಮೇಲೆ ಹರಿದು, ಏನೂ ಇಲ್ಲದ ಕೆಳಗಿನ ಅಂಕಣದಲ್ಲಿ ಹರಡಿತು.

"ಸ್ವಾಮೀ..." ಹಿಂದಿನಿಂದ ದನಿ ಬಂತು.

ಚಾಮುಂಡಮ್ಮನ ಅತ್ತೆ, ಮುದುಕಿ ಚಿಕ್ಕಸಿದ್ದಮ್ಮ. ಊಟ ಮುಗಿಸಿ ಕೋಲೂರಿಕೊಂಡು ಬರುತ್ತಿದ್ದವಳು, ಕಟ್ಟೆಯ ಮುಂದೆ ಕೋಲು ಕೆಳಗಿಟ್ಟು ಎರಡೂ ಕೈ ಮುಗಿದು ನಿಂತಿದ್ದಳು. "ಮೀಯಿಸ್ತಾ ಇದ್ದೀಯಾ ಮಗ? ಒಳ್ಳೇದು, ಒಳ್ಳೇದು. ಉಂಡು ಎದ್ದೋರೆಲ್ಲ ಒಂಟೋದ್ರು, ನಿಂಗೆ ಗ್ಯಾನ ಬಂತು ನೋಡು. ತೀರ್ಥ ಕೊಡವ್ವ."

ಸುಕ್ಕುಗಟ್ಟಿದ ಅಂಗೈ ಮುಂದೆ ಬಂತು. ಪವಿತ್ರಾಳ ಗಂಟಲಲ್ಲಿ ಮೇಷ್ಟ್ರ ಮುಂದೆ ನುಂಗಿದ್ದು, ಮೈಕಿನ ಮುಂದೆ ನುಂಗಿದ್ದು ಎಲ್ಲ ಒಟ್ಟಿಗೆ ಎದ್ದು ಬಂತು. "ತೀರ್ಥ ಅಲ್ಲ ಕಣಜ್ಜಿ!" ಎಂದಳು. ಇಷ್ಟು ಗಟ್ಟಿಯಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ. ತೊಂಬೆಯ ಮೇಲಿದ್ದ ಕಾಗೆ ಹಾರಿತು. "ಇದು ಬಟ್ಟೆಗೆ ಹಾಕೋ ನೀಲಿ. ಶೆಟ್ಟರ ಅಂಗಡೀದು. ಇದು ನಮ್ಮ ಬಟ್ಟೆ ಒಗೆಯೋ ಕಲ್ಲು, ನಾನು ಬಟ್ಟೆ ಒಗೆಯೋಕೆ ಬಂದಿದ್ದೀನಿ!"

ಮುದುಕಿ ಕೈ ಹಿಂದಕ್ಕೆ ತೆಗೆಯಲಿಲ್ಲ. "ಯಾವ್ದಾದ್ರೇನವ್ವ," ಎಂದಳು. "ಕಲ್ಲಿನ ಮೇಲಿಂದ ಬಂತಲ್ಲ." ಬಗ್ಗಿ, ಹರಿಯುತ್ತಿದ್ದ ನೀರನ್ನು ತಾನೇ ಮುಟ್ಟಿ ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಂಡಳು. ಬಿಳಿ ಕೂದಲಲ್ಲಿ ಒಂದು ನೀಲಿ ಗೆರೆ ಮೂಡಿತು. ಆಮೇಲೆ ಬಕೆಟ್ಟಿನಲ್ಲಿ ಇಣುಕಿ, "ಅವನ್ ಮಡಿಯಾ? ಒಗಿ, ಒಗಿ. ದೇವ್ರಾದ್ರೂ ಬಟ್ಟೆ ಒಗೀದೆ ಆಯ್ತದಾ," ಎಂದು, ಅಪ್ಪನ ಅಂಗಿಯ ತೇಲುತ್ತಿದ್ದ ತುದಿಯನ್ನು ಎತ್ತಿ, ಸಾರಿನ ಕಲೆಯ ಸಮೇತ, ಎರಡೂ ಕಣ್ಣಿಗೆ ಒತ್ತಿಕೊಂಡಳು.

ಪವಿತ್ರಾ ಅಂಗಿ ತೆಗೆದು ಕಲ್ಲಿನ ಮೇಲೆ ಹರಡಿದಳು. ಎತ್ತಿ ಬಡಿದಳು, ಮತ್ತೆ ಬಡಿದಳು. ಅಪ್ಪನ ಅಂಗಿ ಆಯಿತು, ಬನಿಯನ್ ಆಯಿತು, ಅವ್ವನ ರವಿಕೆಯ ತೋಳಿನ ಹೊಗೆಸೊಪ್ಪಿನ ಅಂಟು ಕೂತವನ ಮೊಣಕಾಲಿಗೆ ಸಿಕ್ಕಿ ಬಿಟ್ಟುಕೊಂಡಿತು. ಊಟ ಮುಗಿಸಿ ಬಂದ ಇಬ್ಬರು ಹೆಂಗಸರು ನಿಂತು ಬಾಯಿ ತೆರೆಯುವ ಮೊದಲೇ ಚಿಕ್ಕಸಿದ್ದಮ್ಮ ಕೋಲು ಅಡ್ಡ ಹಿಡಿದು, "ದೂರ ನಿಂತ್ಕಳ್ರಮ್ಮ, ಮಡಿ ಆಯ್ತಾ ಅದೆ," ಎಂದಳು. ಅವರು ಚಪ್ಪಲಿ ಬಿಟ್ಟು ಕೈ ಮುಗಿದರು. ಯಾರೂ ಕೂಗಲಿಲ್ಲ, ಊರು ಸೇರಲಿಲ್ಲ. ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಹಾರವನ್ನು ಮತ್ತೆ ವೀರನ ಕೊರಳಿಗೆ ಏರಿಸಿ ಅವಳು ಮನೆಗೆ ಹೊರಟಳು. ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಸೊಂಟ ಮಾತ್ರ ನೋಯುತ್ತಿತ್ತು.

ಭಾಗ್ಯಮ್ಮ ಇನ್ನೂ ಹೊಸಿಲಲ್ಲೇ ಇದ್ದಳು. ಒದ್ದೆ ಬಟ್ಟೆ ನೋಡಿ ಎದ್ದಳು.

"ಎಲ್ಲಿ ಒಗ್ದೆ?"

"ನಮ್ ಕಲ್ಲಲ್ಲಿ."

ಅವ್ವ ಬಕೆಟ್ಟು ಇಳಿಸಿಕೊಂಡಳು. "ಯಾರೂ ಏನೂ ಅನ್ನಲಿಲ್ವಾ?"

"ಕೈ ಮುಗುದ್ರು."

ಭಾಗ್ಯಮ್ಮ ಮಂಟಯ್ಯನ ಅಂಗಿಯನ್ನು ತೆಗೆದು ಪಟ್ಟನೆ ಒದರಿ ಬೆಳಕಿಗೆ ಹಿಡಿದಳು. ಹೆಗಲು ನೋಡಿದಳು, ಕಾಲರ್ ಮಡಿಚಿ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಕಾಲರ್‌ನಲ್ಲಿ ಇನ್ನೂ ಕೊಳೆ ಅಂಗೇ ಅದೆ," ಎಂದಳು. "ಬುಡು, ನಾಳೆ ಕಲ್ ತಾವ್ಕೆ ನಾನೇ ಓಯ್ತೀನಿ."